ಹರಿಯುವ ನೀರು ಬೇಕಾಗಿದೆ

ಸೇತುವೆ ಬಂದರೆ ನನ್ನ ಬಲಗೈ ತಾನಾಗಿ ಜೇಬಿಗೆ ಹೋಗುತ್ತದೆ. ಬಸ್ಸು ಹೊಳೆ ದಾಟುವಾಗ ಒಂದು ಕಾಸು ಎಸೆದು ಕೈಮುಗಿಯಬೇಕೆಂದು ಅಮ್ಮ ಕಲಿಸಿದ ಅಭ್ಯಾಸ. ಹೊಳೆ ಯಾವುದು, ಫ್ಲೈಓವರ್ ಯಾವುದು ಎಂಬ ಭೇದ ಕೈಗೆ ಗೊತ್ತಿಲ್ಲ. ಹೆಬ್ಬಾಳದ ಮೇಲ್ಸೇತುವೆ ಹತ್ತಿದರೂ ಅದು ಜೇಬು ತಡಕುತ್ತದೆ. ಒಮ್ಮೆ ಪಕ್ಕದ ಸೀಟಿನವರು ನಾನು ಟಿಕೆಟ್ ಕಳೆದುಕೊಂಡೆನೆಂದು ತಿಳಿದು, ಬಗ್ಗಿ ಬಸ್ಸಿನ ನೆಲವನ್ನೆಲ್ಲ ಹುಡುಕಿದರು. ಮೇಲ್ಸೇತುವೆ ಇಳಿದ ಮೇಲೆ ನಾನೂ ಅವರ ಜೊತೆ ಹುಡುಕತೊಡಗಿದೆ. ಏನನ್ನು ಎಂದು ನನಗೂ ಸ್ಪಷ್ಟವಿರಲಿಲ್ಲ.

ಅಮ್ಮ ಕಲಿಸಿದ ಅಭ್ಯಾಸ ಎಂದೆ. ಇದನ್ನು ಅಕ್ಕ ಒಪ್ಪುವುದಿಲ್ಲ. ಅವಳ ಪ್ರಕಾರ ಅಮ್ಮ ಕಾಸನ್ನು ಬಸ್ಸಿನ ಕಿಟಕಿಯಿಂದ ಆಚೆ ಎಸೆಯುವಂಥ ಹೆಂಗಸೇ ಅಲ್ಲ. ಎಸೆಯುತ್ತಿದ್ದವರು ನಮ್ಮ ಎದುರು ಮನೆಯ ಮಗ್ಗದ ಯಜಮಾನರು. ಅವರ ಜೊತೆ ಒಂದು ಸಲ ಘಾಟಿ ಜಾತ್ರೆಗೆ ಹೋಗಿ ಬಂದ ನಾನು ಅವರ ಅಭ್ಯಾಸವನ್ನು ಅಮ್ಮನಿಗೆ ಅಂಟಿಸಿದ್ದೇನೆ. ಇರಬಹುದು. ನನ್ನ ನೆನಪುಗಳಲ್ಲಿ ಅರ್ಧದಷ್ಟು ಬೇರೆಯವರ ಮನೆಯಿಂದ ಕೇಳಿ ತಂದು ಹಿಂದಿರುಗಿಸದ ಪಾತ್ರೆಗಳು. ಉಳಿದರ್ಧ ನಾನೇ ಬರೆದವು. ಈ ಎರಡನೆಯ ಅರ್ಧದಿಂದಲೇ ಹೋದ ತಿಂಗಳು ನಾನು ಮುಖ ಮುಚ್ಚಿಕೊಳ್ಳುವ ಹಾಗಾಯಿತು.

ನಮ್ಮಪ್ಪ ಪಶು ಆಸ್ಪತ್ರೆಯ ಕಾಂಪೌಂಡರ್. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ – ಒಂದು ಮಂಕರಿ ಕೋಳಿಯಂತೆ ಸರ್ಕಾರದವರು ನಮ್ಮನ್ನು ಈ ನಾಲ್ಕು ಊರುಗಳ ನಡುವೆ ವರ್ಗಾಯಿಸುತ್ತಿದ್ದರು. ಹಾಗಾಗಿ ನಮ್ಮ ಬಾಲ್ಯಕ್ಕೆ ಊರಿಲ್ಲ, ತಾಲ್ಲೂಕುಗಳಿವೆ. ಫಿನಾಯಿಲ್ ವಾಸನೆ ಎಲ್ಲ ಊರಲ್ಲೂ ಒಂದೇ. ಎಮ್ಮೆಯ ನಾಲಗೆ ಅಂಗೈಯನ್ನು ಉಪ್ಪುಕಾಗದದಂತೆ ಉಜ್ಜುವುದೂ ಎಲ್ಲ ಊರಲ್ಲೂ ಒಂದೇ. ಮಗ್ಗದ ಸದ್ದು ಕೇಳಿದರೆ ದೊಡ್ಡಬಳ್ಳಾಪುರ, ಚಕೋತದ ಸಿಪ್ಪೆಯನ್ನು ಟೋಪಿ ಮಾಡಿ ಹಾಕಿಕೊಂಡಿದ್ದರೆ ದೇವನಹಳ್ಳಿ ಎಂದು ನಾನು ಗುರುತಿಟ್ಟುಕೊಂಡಿದ್ದೇನೆ. ಆದರೆ ಕೆಲವು ಸಲ ಮಗ್ಗದ ಸದ್ದು ಕೇಳುತ್ತಿರುವಾಗಲೇ ತಲೆಯ ಮೇಲೆ ಚಕೋತದ ಟೋಪಿ ಇರುತ್ತದೆ. ಆಗ ಏನು ಮಾಡುವುದೋ ತಿಳಿಯುವುದಿಲ್ಲ.

ಅಕ್ಕನ ಹೆಸರು ಜಯಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಮೊಮ್ಮಗಳು ಮೇಘನಾಳ ಮದುವೆ ನಿಶ್ಚಯವಾಗಿತ್ತು. ನಮ್ಮಲ್ಲಿ ಒಂದು ಶಾಸ್ತ್ರವಿದೆ. ಮದುವೆಯ ಹಿಂದಿನ ದಿನ ಹೆಂಗಸರು ನೀರಿರುವಲ್ಲಿಗೆ ಹೋಗಿ, ದಡದ ಮಣ್ಣಿನಲ್ಲಿ ಮೂರು ಗುಪ್ಪೆ ಮಾಡಿ, ಅದಕ್ಕೆ ಗಂಗಮ್ಮ ಎಂದು ಅರಿಸಿನ ಕುಂಕುಮ ಇಟ್ಟು, ಪೂಜೆ ಮಾಡಿ ನೀರು ತರುತ್ತಾರೆ. ಮದುಮಗಳ ಅರಿಸಿನದ ಸ್ನಾನಕ್ಕೆ ಮೊದಲ ಚೆಂಬು ಆ ನೀರಿನದು. ಅಮ್ಮ ಇದಕ್ಕೆ ತನ್ನದೇ ಎರಡು ಷರತ್ತು ಸೇರಿಸಿದ್ದಳಂತೆ: ನಿಂತ ನೀರು ಆಗುವುದಿಲ್ಲ, ಹರಿಯುವ ನೀರೇ ಆಗಬೇಕು, ಮತ್ತು ಅದು ಹೆಣ್ಣು ಹುಟ್ಟಿ ಬೆಳೆದ ಊರಿನ ನೀರಾಗಿರಬೇಕು. ಹೋದ ಮನೆಯಲ್ಲಿ ಅವಳಿಗೆ ನೆಲೆ ಸಿಗದೆ ಹೋದರೂ ಮೈಗಂಟಿದ ನೀರು ಅವಳದಾಗಿರುತ್ತದೆ ಎಂಬುದು ಅಮ್ಮನ ವಾದ.

"ಬೆಂಗ್ಳೂರಲ್ಲಿ ಹುಟ್ಟಿದ ಹುಡುಗಿಗೆ ಹೊಳೆ ಎಲ್ಲಿಂದ ತರೋದೋ?" ಎಂದಳು ಅಕ್ಕ. "ಅವಳು ಹುಟ್ಟಿ ಬೆಳೆದ ಹೆಬ್ಬಾಳದಲ್ಲಿ ಏನಿದೆ? ಅದಕ್ಕೇ ನಂದೇ ಕೊಡ್ತೀನಿ. ನನ್ನ ಮದುವೆಗೆ ಅಮ್ಮ ತಂದಿದ್ಲಲ್ಲ, ಆ ಹೊಳೆ ನೀರು."

"ಶಾಸ್ತ್ರದ ದಿನ ಎಲ್ಲರೂ ಹೋಗೇ ಹೋಗ್ತಾರಲ್ಲ, ಆಗ ತಂದರಾಯ್ತು."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಆವತ್ತು ನನ್ನ ಕೈಗೆ ಚೆಂಬು ಯಾರು ಕೊಡ್ತಾರೋ?"

ಭಾವ ಹೋಗಿ ಆರು ವರ್ಷ. ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅಕ್ಕನನ್ನು ಯಾರೂ ಒಂದು ಮಾತು ಅನ್ನುವುದಿಲ್ಲ. ಶಾಸ್ತ್ರದ ಹೊತ್ತಿಗೆ ಸರಿಯಾಗಿ, "ಜಯಮ್ಮನೋರೇ, ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ತುಂಬೋದು ನೀವೇ ನೋಡ್ಕೊಬೇಕು, ನಿಮ್ಮ ಥರ ಯಾರೂ ಮಾಡಲ್ಲ" ಎಂದು ಒಳಕೋಣೆಗೆ ಕಳಿಸುತ್ತಾರೆ, ಅಷ್ಟೆ. ಎರಡು ಮದುವೆಯಲ್ಲಿ ಅವಳು ಹಾಗೆ ತೆಂಗಿನಕಾಯಿ ತುಂಬಿದ್ದಾಳೆ. ಮೇಘನಾಳ ಮದುವೆಯಲ್ಲಿ ತುಂಬುವುದಿಲ್ಲ ಎಂದಲ್ಲ; ತುಂಬುತ್ತಾಳೆ. ಆದರೆ ತಾನು ಎತ್ತಿ ಸಾಕಿದ ಆ ಹುಡುಗಿಯ ಮೈಮೇಲೆ ಬೀಳುವ ಮೊದಲ ನೀರು ತನ್ನ ಕೈಯಿಂದ ಬಂದದ್ದಾಗಿರಬೇಕು. ಯಾರಿಗೂ ಹೇಳದೆ ಮೊದಲೇ ತಂದಿಟ್ಟು, ಸ್ನಾನದ ನೀರಿಗೆ ಬೆರೆಸಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಇಷ್ಟನ್ನು ಮೇಘನಾಗೂ ಹೇಳುವಂತಿರಲಿಲ್ಲ. ಅಜ್ಜಿಗೆ ಹಳೆಯ ಊರುಗಳನ್ನು ನೋಡುವ ಆಸೆ ಎಂದಷ್ಟೇ ನಾನು ಹೇಳಿದೆ. ಅಕ್ಕನ ಮಂಡಿ ಮಡಚುವುದಿಲ್ಲ, ಗಂಟೆಗೆ ಎರಡು ಸಲ ಬಚ್ಚಲಿಗೆ ಹೋಗಬೇಕು. ಹುಡುಗಿ ಫೋನಿನಲ್ಲಿ ಏನೋ ಒತ್ತಿದಳು. ನನಗೂ ಅಕ್ಕನಿಗೂ ಒಂದು ದಿನದ ಕ್ಯಾರವಾನ್ ಪ್ರವಾಸ ಗೊತ್ತಾಯಿತು. ಅದರ ಹೆಸರು 'ಐತಿಹಾಸಿಕ ನದೀತೀರದ ಊರುಗಳು.' ಜಾಹೀರಾತಿನ ಚಿತ್ರದಲ್ಲಿ ಹಸಿರು ದಡ, ನೀಲಿ ನೀರು, ನೀರಿನ ಮೇಲೆ ಎರಡು ಬಾತುಕೋಳಿ. ಅಂಥ ಬಾತುಕೋಳಿಗಳು ನಮ್ಮ ಜಿಲ್ಲೆಗೆ ವೀಸಾ ಇಲ್ಲದೆ ಬರಲಾರವು.

ಕ್ಯಾರವಾನ್ ಎಂದರೆ ಬಸ್ಸಿಗಿಂತ ಸಣ್ಣದು, ಆಂಬುಲೆನ್ಸಿಗಿಂತ ದೊಡ್ಡದು. ಒಳಗೆ ಎರಡು ಮಂಚ, ಒಂದು ಒಲೆ, ಬಚ್ಚಲು, ಕಿಟಕಿಗೆ ಹೂವಿನ ಪರದೆ. ಸೂರಿನ ಮೇಲೆ ನೀರಿನ ಟ್ಯಾಂಕು. ಚಾಲಕ ಮುನಿರಾಜು ಐವತ್ತು ದಾಟಿದವನು, ಹೊಸಕೋಟೆ ಆಚೆಯ ಜಡಿಗೇನಹಳ್ಳಿಯವನು. ದಾಬಸ್‌ಪೇಟೆಯಲ್ಲಿ ಹದಿನೈದು ವರ್ಷ ಕಂಟೇನರ್ ಓಡಿಸಿ, ಬೆನ್ನು ಹಿಡಿದುಕೊಂಡು ಈ ಕೆಲಸಕ್ಕೆ ಬಂದಿದ್ದ.

"ಅಮ್ಮ, ಮಲಕ್ಕೊಂಡ್ ಬನ್ನಿ, ಆರಾಮಾಗಿ," ಎಂದ.

"ಹೋಗೋ ಗಾಡೀಲಿ ಮಲಗೋಕೆ ನಾನೇನು ಹೆಣಾನೇನಪ್ಪಾ?" ಎಂದು ಅಕ್ಕ ಮಂಚದ ಮೇಲೆ ನೆಟ್ಟಗೆ ಕೂತಳು. ಮಡಿಲಲ್ಲಿ ತಾಮ್ರದ ಚೆಂಬು. ದಾರಿಯುದ್ದಕ್ಕೂ ಹಾಗೇ ಕೂತಿದ್ದಳು.

ಈಗ ಮುಖ ಮುಚ್ಚಿಕೊಳ್ಳುವ ಭಾಗ. ಯಲಹಂಕ ದಾಟಿದ ಮೇಲೆ, "ಮೊದಲು ದೊಡ್ಡಬಳ್ಳಾಪುರಕ್ಕೆ ನಡೀರಿ, ಅರ್ಕಾವತಿಗೆ," ಎಂದಳು ಅಕ್ಕ.

"ಅಲ್ಲೇ ಅಂತ ಹೇಗೆ ಗೊತ್ತು?" ಎಂದೆ.

ಅವಳು ಕೈಚೀಲದಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತೆಗೆದಳು. ಬಹಳ ಹಿಂದೆ ವಾರಪತ್ರಿಕೆಯೊಂದರಲ್ಲಿ ನಾನು ಬರೆದ ಪ್ರಬಂಧ. ಅದರಲ್ಲಿ ಅಕ್ಕನ ಮದುವೆಯ ನೀರು ತರುವ ಮೆರವಣಿಗೆ ಇದೆ. ಅರ್ಕಾವತಿಯ ದಡ, ಹನ್ನೊಂದು ಕಲ್ಲಿನ ಮೆಟ್ಟಿಲು, ಮೇಲೊಂದು ಮಂಟಪ, ಹೆಂಗಸರ ತಲೆಯ ಮೇಲೆ ಹಿಡಿದ ಸೀರೆಯ ಚಪ್ಪರದ ಒಂದು ಮೂಲೆಯನ್ನು ಹಿಡಿದ ಎಂಟು ವರ್ಷದ ನಾನು. ಚೆನ್ನಾಗಿ ಬರೆದಿದ್ದೆ. ಓದಿದವರು ಕಣ್ಣೀರು ಬಂತೆಂದು ಕಾಗದ ಹಾಕಿದ್ದರು.

ಅದರಲ್ಲಿ ಎಷ್ಟು ನಿಜ ಎಂದು ನನಗೆ ಗೊತ್ತಿಲ್ಲ. ಅರ್ಕಾವತಿ ಎಂದು ಹಾಕಿದ್ದು ಆ ಹೆಸರು ವಾಕ್ಯದಲ್ಲಿ ಚೆನ್ನಾಗಿ ಕೂತಿತೆಂದು. ಪಿನಾಕಿನಿ ಎಂದಿದ್ದರೆ ವಾಕ್ಯ ಕುಂಟುತ್ತಿತ್ತು. ಮೆಟ್ಟಿಲು ಹನ್ನೊಂದಾದದ್ದು ಹತ್ತು ಎಂದರೆ ಕಟ್ಟುಕತೆಯಂತೆ ಕಾಣುತ್ತದೆ ಎಂದು. ಈ ಮೆಟ್ಟಿಲುಗಳನ್ನು ನಂಬಿಕೊಂಡು ಎಪ್ಪತ್ತೈದು ದಾಟಿದ ಹೆಂಗಸೊಬ್ಬಳು ಚೆಂಬು ಹಿಡಿದು ಹೊರಡುತ್ತಾಳೆಂದು ಯಾವ ಲೇಖಕ ಯೋಚಿಸಿರುತ್ತಾನೆ? ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರೈಲ್ವೆ ಮೇಲ್ಸೇತುವೆ ಬಂತು. ಕೈ ಜೇಬಿಗೆ ಹೋಯಿತು. ಮಾತು ತಪ್ಪಿತು.

ದೊಡ್ಡಬಳ್ಳಾಪುರದಲ್ಲಿ ನಾವು ಮುಕ್ಕಾಲು ಗಂಟೆ ನದಿ ಹುಡುಕಿದೆವು. ಫೋನಿನ ನಕ್ಷೆಯಲ್ಲಿ ಒಂದು ನೀಲಿ ಗೆರೆ ಇತ್ತು. ಆ ಗೆರೆಯ ಮೇಲೆ ಹೋದರೆ ಒಂದು ಸಾಮಿಲ್, ಒಂದು ಕಾನ್ವೆಂಟಿನ ಹಿಂಬದಿ ಗೋಡೆ, ಮಾರಾಟಕ್ಕಿದ್ದ ಸೈಟುಗಳು. ಕಡೆಗೆ ಮುನಿರಾಜು ಊರಾಚೆ ಒಂದು ವಿಶಾಲವಾದ ಬಯಲಲ್ಲಿ ಗಾಡಿ ನಿಲ್ಲಿಸಿ ಕಾಫಿಗೆ ಒಲೆ ಹಚ್ಚಿದ. ಜಾಲಿ ಗಿಡಗಳ ನಡುವೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಇಲ್ಲಿ ಅರ್ಕಾವತಿ ಹೊಳೆ ಎಲ್ಲಿ ಬರುತ್ತೆ ಯಜಮಾನ್ರೇ?" ಎಂದು ಕೇಳಿದೆ.

ಅವನು ನನ್ನನ್ನು ನೋಡಿದ, ಗಾಡಿಯ ಚಕ್ರಗಳನ್ನು ನೋಡಿದ. "ನೀವು ನಿಂತಿರೋದು ಎಲ್ಲಿ ಅಂದ್ಕೊಂಡ್ರಿ?" ಎಂದ. "ನಡು ಹೊಳೇಲಿ ನಿಲ್ಸಿದೀರ. ನಂ ಕಾಲದಲ್ಲಾದ್ರೆ ನಿಮ್ ಗಾಡಿ ಇಷ್ಟೊತ್ತಿಗೆ ಹೆಸರಘಟ್ಟದಲ್ಲಿರೋದು."

ಅಕ್ಕ ಕಿಟಕಿಯ ಪರದೆ ಸರಿಸಿ ಹೊಳೆಯನ್ನು ನೋಡಿದಳು. ಆಗ ನಾನು ಹೇಳಿಬಿಟ್ಟೆ. ಅರ್ಕಾವತಿ ಎಂದು ಬರೆದದ್ದು ಕಿವಿಗೆ ಇಂಪಾಗಿರಲೆಂದು, ನಿಜವಾಗಿ ಯಾವ ಊರೋ ನನಗೆ ನೆನಪಿಲ್ಲ, ತಪ್ಪಾಯಿತು ಎಂದೆ.

"ಅಂದ್ರೆ ಸುಳ್ಳು ಬರ್ದಿದೀಯ."

"ಸುಳ್ಳಲ್ಲ ಅಕ್ಕ. ಪ್ರಬಂಧ."

"ಮೆಟ್ಟಿಲು?"

"ಅದೂ ನಾನೇ ಹಾಕಿದ್ದು."

"ಹೋಗೋ. ಹನ್ನೊಂದು ಮೆಟ್ಟಿಲು. ನಾನೇ ಎಣ್ಸಿದೀನಿ."

"ನನ್ನ ಪ್ರಬಂಧ ಓದೋಕೆ ಮುಂಚೆ ಎಣಿಸಿದ್ದಾ, ಓದಿದ ಮೇಲೆ ಎಣಿಸಿದ್ದಾ?"

"ಮೆಟ್ಟಿಲು ಎಣ್ಸೋಕೆ ಪ್ರಬಂಧ ಯಾಕೋ ಬೇಕು? ಹಳೇ ಪೇಪರ್ ಕಟ್ಟೋ ದಾರಕ್ಕೂ ಬೆಲೆ ಇಲ್ಲದ್ದು ನಿನ್ ಪ್ರಬಂಧ." ಹಾಗೆಂದು ಆ ಹಾಳೆಯನ್ನು ಮತ್ತೆ ಜೋಪಾನವಾಗಿ ಕೈಚೀಲಕ್ಕೆ ಸೇರಿಸಿದಳು.

ಇಲ್ಲಿಂದ ನನ್ನ ಗೊಂದಲ ಶುರುವಾಯಿತು. ಮೆಟ್ಟಿಲನ್ನು ನಾನು ಹುಟ್ಟಿಸಿದೆನೋ, ಅಥವಾ ಎಂದೋ ಅಕ್ಕ ಹೇಳಿದ್ದನ್ನು ಕೇಳಿ ಮರೆತು, ಮುಂದೆ ನನ್ನದೇ ಕಲ್ಪನೆ ಎಂದುಕೊಂಡು ಬರೆದೆನೋ? ಸುಳ್ಳು ಹೇಳಿದ್ದೇನೆಂಬ ತಪ್ಪೊಪ್ಪಿಗೆಯೇ ಸುಳ್ಳಾಗಿದ್ದರೆ? ಅಕ್ಕನನ್ನು ಕೇಳಿದರೆ, ತನ್ನ ಮದುವೆಯ ನೀರು ತರುವಾಗ ತಾನು ಮನೆಯಲ್ಲಿ ಅರಿಸಿನ ಹಚ್ಚಿಕೊಂಡು ಕೂತಿದ್ದೆ, ಮೆರವಣಿಗೆ ನೋಡಿಯೇ ಇಲ್ಲ ಎಂದಳು. ಹಾಗಾದರೆ ಎಣಿಸಿದ್ದು ಯಾವಾಗ? "ಬಟ್ಟೆ ಒಗೆಯೋಕೆ ದಿನಾ ಹೋಗ್ತಿರಲಿಲ್ವಾ?" ಯಾವ ಊರಲ್ಲಿ? "ಅದನ್ನೇ ಅಲ್ವೇನೋ ಹುಡುಕ್ತಾ ಇರೋದು."

ನಾವು ದೇವನಹಳ್ಳಿಯ ಕಡೆ ತಿರುಗಿದೆವು. ಅಲ್ಲಿ ಕೋಟೆ ಇದೆ, ಇತಿಹಾಸ ಬೇಕಾದಷ್ಟಿದೆ, ಎರಡು ನಿಮಿಷಕ್ಕೊಂದು ವಿಮಾನ ಇದೆ. ನದಿಯನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಕೋಟೆಬಾಗಿಲಲ್ಲಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸು ಮಾತ್ರ ಪ್ರಾಮಾಣಿಕಳು. "ನದಿ ಗೊತ್ತಿಲ್ಲಣ್ಣ. ಬೋರ್‌ವೆಲ್ ಎಷ್ಟ್ ಅಡಿ ಅಂತ ಬೇಕಾದ್ರೆ ಕೇಳು, ಹೇಳ್ತೀನಿ," ಎಂದಳು.

ದೇವನಹಳ್ಳಿ ಪಕ್ಕದ ವಿಜಯಪುರದ ದಾರಿಯಲ್ಲಿ ಒಂದು ಹಳೆಯ ಕಲ್ಯಾಣಿ ಕಂಡಿತು. ಚೌಕಾಕಾರದ ಕೊಳ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಒಂದು ಬದಿಗೆ ಮಂಟಪ. ಗಾಡಿ ನಿಲ್ಲಿಸಿದೆವು. ಅಕ್ಕ ಮಂಟಪದಲ್ಲಿ ಕೂತಳು, ನಾನು ಎಣಿಸುತ್ತ ಇಳಿದೆ. ಹನ್ನೆರಡು. ಎಣಿಸುತ್ತ ಹತ್ತಿದೆ. ಹನ್ನೊಂದು. ಮುನಿರಾಜುವನ್ನು ಇಳಿಸಿದೆ. ಅವನು ಹತ್ತು ಎಂದ; ಕೊನೆಯದು ಮೆಟ್ಟಿಲಲ್ಲ, ಬರೀ ಕಲ್ಲು ಎಂಬುದು ಅವನ ತೀರ್ಪು.

"ಇದೇ ಇರಬಹುದಾ ಅಕ್ಕ?"

ಅವಳು ತಳದಲ್ಲಿದ್ದ ಹಸಿರು ನೀರನ್ನು ಬಹಳ ಹೊತ್ತು ನೋಡಿದಳು. "ಮೆಟ್ಟಿಲು ಇದೇ ಥರ," ಎಂದಳು. "ಆದ್ರೆ ಇದು ನಿಂತ ನೀರು ಕಣೋ. ಅಮ್ಮ ಇದನ್ನ ಮುಟ್ತಿರ್ಲಿಲ್ಲ."

ಅವಳನ್ನು ಕೈಹಿಡಿದು ಎಬ್ಬಿಸುವಾಗ ಅವಳ ಮುಖ ನೋಡಿದೆ. ಅಲ್ಲಿಯವರೆಗೆ ನನಗೆ ಇದೊಂದು ತಮಾಷೆಯ ಪ್ರವಾಸವೇ ಆಗಿತ್ತು, ಪ್ರಬಂಧಕ್ಕೆ ವಸ್ತು ಸಿಕ್ಕಿತೆಂಬ ಸಣ್ಣ ಖುಷಿಯೂ ಇತ್ತು. ಆಮೇಲೆ ಆ ಖುಷಿ ಕಡಿಮೆಯಾಯಿತು. ಬರಿಯ ಚೆಂಬು ಹಿಡಿದು ಮನೆಗೆ ಹೋದರೆ ಅವಳು ಏನೂ ಅನ್ನುವುದಿಲ್ಲ. ಸೀದಾ ಒಳಕೋಣೆಗೆ ಹೋಗಿ ತೆಂಗಿನಕಾಯಿಯ ಮುಂದೆ ಕೂರುತ್ತಾಳೆ.

ವಿಜಯಪುರದಲ್ಲಿ ಡೀಸೆಲ್‌ಗೆಂದು ನಿಲ್ಲಿಸಿದಾಗ ಇನ್ನೊಂದು ಫಜೀತಿ. ರೇಷ್ಮೆಗೂಡು ಬೇಯುವ ವಾಸನೆ ಊರೆಲ್ಲ ಇತ್ತು. ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಏನೋ ಒಂದು ಬಾಲ್ಯ ಮಗ್ಗುಲು ಬದಲಿಸಿತು. ಅದು ನನ್ನದೋ ಅಲ್ಲವೋ ವಿಚಾರಿಸಲು ಪುರಸೊತ್ತಾಗಲಿಲ್ಲ. ಯಾಕೆಂದರೆ ಬಿಳಿಯ ದೊಡ್ಡ ಗಾಡಿ, ಒಳಗೆ ಮಂಚ, ಮಂಚದ ಮೇಲೆ ವಯಸ್ಸಾದ ಹೆಂಗಸು – ಇದನ್ನು ನೋಡಿ ಜನ ಸಂಚಾರಿ ಆಸ್ಪತ್ರೆ ಎಂದುಕೊಂಡರು. ಇಬ್ಬರು ಬಿಪಿ ನೋಡಿ ಎಂದು ಅಂಗಿಯ ತೋಳು ಮಡಚಿದರು. ಮೂರನೆಯವನು ಹಸುವನ್ನೇ ಹಿಡಿದು ತಂದಿದ್ದ.

"ಸಾರ್, ಎರಡು ದಿನದಿಂದ ಮೇವು ಮುಟ್ಟಿಲ್ಲ."

ನಾನು ಡಾಕ್ಟರಲ್ಲ ಎನ್ನಬೇಕಿತ್ತು. ಆದರೆ ಅಪ್ಪ ಹಸುವಿನ ಮುಂದೆ ನಿಲ್ಲುತ್ತಿದ್ದ ರೀತಿಯಲ್ಲೇ ನಿಂತೆ. ಎಡಗೈಯಲ್ಲಿ ಕಿವಿ ಹಿಡಿದು ಬಿಸಿ ನೋಡಿದೆ, ಹೊಟ್ಟೆಗೆ ಕಿವಿಯಿಟ್ಟೆ. ಓಮ, ಬೆಲ್ಲ, ಶುಂಠಿ ಜಜ್ಜಿ ಉಂಡೆ ಮಾಡಿ ತಿನ್ನಿಸಿ, ಸಂಜೆಗೆ ಮೇವು ಮುಟ್ಟದಿದ್ದರೆ ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಎಂದೆ. ಗಾಡಿ ಹೊರಟ ಮೇಲೆ ಅಕ್ಕ, "ಓಮ ಬೆಲ್ಲ ಅಪ್ಪ ಕೊಡ್ತಿದ್ದಿದ್ದು ನಿಂಗೆ ಕಣೋ, ಹೊಟ್ಟೆನೋವು ಬಂದಾಗ. ಹಸೂಗಲ್ಲ," ಎಂದಳು. ಆ ಹಸು ಈಗ ಹೇಗಿದೆಯೋ. ಆಗಾಗ ನೆನಪಾಗುತ್ತದೆ. ಇದೊಂದು ನೆನಪು ಮಾತ್ರ ನನ್ನದೇ ಎಂದು ಖಾತ್ರಿ.

ಹೊಸಕೋಟೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. "ಬಿರಿಯಾನಿ ಬೆಳಗ್ಗೇನೇ ಮುಗ್ದಿರ್ತದೆ ಸಾರ್, ಆದ್ರೂ ಒಂದು ಕಡೆ ಸಿಗ್ತದೆ," ಎಂದು ಮುನಿರಾಜು ಆಸೆಯಿಂದ ನೋಡಿದ.

"ಗಂಗಮ್ಮನ ತರೋಕೆ ಹೊರಟೋರು ಬಿರಿಯಾನಿ ತಿಂತಾರೇನಪ್ಪಾ?" ಎಂದಳು ಅಕ್ಕ.

"ಓ, ನೀರು ಶಾಸ್ತ್ರಕ್ಕಾ?" ಎಂದು ಅವನು ಬ್ರೇಕ್ ಒತ್ತಿ, ಗಾಡಿಯನ್ನು ಬದಿಗೆ ಹಾಕಿದ. "ಮೊದ್ಲೇ ಹೇಳೋದಲ್ವಾ ಸಾರ್. ನದಿ ನೋಡೋಕೆ ಅಂದ್ಕೊಂಡೆ. ನೋಡೋ ನದಿ ಇಲ್ಲ. ಹರಿಯೋ ನೀರು ಐತೆ. ನಮ್ಮೂರ್ ಹತ್ರ, ಕೆರೆ ಕೋಡಿ ಬಿದ್ದು ಹಳ್ಳ ಹರೀತದೆ. ಮಳೆ ಇಲ್ದಿದ್ರೂ ಹರೀತದೆ. ಬೇಸಿಗೇಲೂ ನಿಲ್ಲಲ್ಲ."

ಅಕ್ಕನ ಮುಖ ಅರಳಿತು. "ಬೇಸಿಗೇಲೂ?"

"ಮೂರ್ಹೊತ್ತೂ ಅಮ್ಮ."

ಅದು ಹೊಸಕೋಟೆಯ ಹೊಳೆಯಾದ ಪಿನಾಕಿನಿಯ ನೀರೇ ಎಂದು ಅಕ್ಕ ತೀರ್ಮಾನಿಸಿದಳು. ಅಪ್ಪ ಹೊಸಕೋಟೆಯಲ್ಲಿ ನಾಲ್ಕು ವರ್ಷ ಇದ್ದರು. ಅಲ್ಲಿದ್ದಾಗಲೇ ತನ್ನ ಮದುವೆ ಆದದ್ದು ಎಂಬುದೂ ಅವಳಿಗೆ ಈಗ ನೆನಪಾಯಿತು. ಹನ್ನೊಂದು ಮೆಟ್ಟಿಲೂ ಅಲ್ಲೇ ಎಲ್ಲೋ ಇರಬೇಕು. ಹೆದ್ದಾರಿ ಬಿಟ್ಟು ನಾವು ಜಡಿಗೇನಹಳ್ಳಿಯ ರಸ್ತೆಗೆ ಇಳಿದೆವು. ಹೂವಿನ ತೋಟ, ಕ್ಯಾಪ್ಸಿಕಂನ ಬಿಳಿ ಪರದೆಯ ಮನೆಗಳು, ಆಮೇಲೆ ನಿಜಕ್ಕೂ ನೀರಿನ ಸದ್ದು. ಹಳ್ಳ ಎರಡಾಳು ಅಗಲ. ಮೊಣಕಾಲು ಮಟ್ಟ. ಬಿಸಿಲಿಗೆ ಹೊಳೆಯುತ್ತ, ಕಲ್ಲಿಗೆ ಬಡಿದು ನೊರೆ ಮಾಡುತ್ತ ಹರಿಯುತ್ತಿತ್ತು.

ಆ ನೊರೆ ಸ್ವಲ್ಪ ಹೆಚ್ಚಾಗಿತ್ತು. ಅದನ್ನು ನೋಡಿದಾಗಲೇ ನನಗೆ ಹೊಳೆದದ್ದು. ಮಳೆಯಿಲ್ಲದ ಕಾಲದಲ್ಲಿ ಕೋಡಿ ಬೀಳುವ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಈ ಜಿಲ್ಲೆಯಲ್ಲಿ ಪತ್ರಿಕೆ ಓದುವ ಯಾರಿಗಾದರೂ ಗೊತ್ತು. ಬೆಂಗಳೂರಿನ ಬಚ್ಚಲುಗಳ ನೀರನ್ನು ಸೋಸಿ, ದೊಡ್ಡ ಕೊಳವೆಗಳಲ್ಲಿ ಇತ್ತ ಕಳಿಸಿ, ಒಣಗಿದ ಕೆರೆಗಳಿಗೆ ತುಂಬುತ್ತಾರೆ. ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹರಿಯುತ್ತದೆ. ಇದು ಪಿನಾಕಿನಿಯ ಹಾದಿಯೇ ಇರಬಹುದು, ಆದರೆ ಪಿನಾಕಿನಿ ಅಲ್ಲ.

ಅಕ್ಕ ಆಗಲೇ ಮುನಿರಾಜುವಿನ ತೋಳು ಹಿಡಿದು ಇಳಿಯುತ್ತಿದ್ದಳು. ಹೇಳುವುದೋ ಬೇಡವೋ? ಒಂದು ಸುಳ್ಳು ಹೊಳೆ ಬರೆದು ಈಗಾಗಲೇ ಅವಳನ್ನು ಮೂರು ಊರು ಸುತ್ತಿಸಿದ್ದೆ. ಸುಮ್ಮನಿದ್ದರೆ ಅದು ಎರಡನೆಯದಾಗುತ್ತಿತ್ತು. ಹೇಳಿದರೆ ಅವಳ ಕೈಯಲ್ಲಿ ಬರಿಯ ಚೆಂಬು. ಯಾವುದು ಮೋಸ, ಯಾವುದು ದಯೆ ಎಂದು ದಡದಲ್ಲಿ ನಿಂತು ಯೋಚಿಸಿದೆ. ಏನೂ ಬಗೆಹರಿಯಲಿಲ್ಲ.

ಹಳ್ಳದ ಪಕ್ಕ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪಿನ ಕಂತೆ ಕಟ್ಟುತ್ತಿದ್ದಳು. ಪಕ್ಕದ ತೋಟ ಅವಳದು. ಹಣೆಯಲ್ಲಿ ಅಗಲ ಕುಂಕುಮ, ತಲೆಯಲ್ಲಿ ಕನಕಾಂಬರ. ಮುನಿರಾಜು ಅವಳನ್ನು "ಸರೋಜಕ್ಕ" ಎಂದು ಕರೆದು ನಮ್ಮ ವಿಷಯ ಹೇಳಿದ.

ಅಕ್ಕ ದಡದಲ್ಲಿ ಮೂರು ಹಿಡಿ ಒದ್ದೆ ಮಣ್ಣು ತೆಗೆದು ಗುಪ್ಪೆ ಮಾಡಿದಳು. ಸೆರಗಿನ ಗಂಟಿನಿಂದ ಅರಿಸಿನ ಕುಂಕುಮ ಬಿಚ್ಚಿದಳು. ಅಲ್ಲಿಗೆ ನಿಂತಳು. ಇದಕ್ಕೆಂದೇ ಇಷ್ಟು ದೂರ ಬಂದವಳು ಬೆರಳು ಮುಂದೆ ಮಾಡಿ ಹಿಂದೆ ತೆಗೆದಳು. ಆರು ವರ್ಷ ಯಾರೂ ಬೇಡ ಎನ್ನದೆಯೇ ಕಲಿಸಿದ್ದು ಅವಳ ಕೈಗೆ ಬಂದುಬಿಟ್ಟಿತ್ತು. ಅವಳು ಸರೋಜಕ್ಕನ ಕಡೆ ತಿರುಗಿದಳು.

"ಯವ್ವ, ನೀನು ಮುತ್ತೈದೆ. ಕುಂಕುಮ ನೀನೇ ಇಟ್ಬಿಡು. ನೀರು ನಾನು ತುಂಬ್ಕೋತೀನಿ."

ಸರೋಜಕ್ಕ ಕೈಯಲ್ಲಿದ್ದ ಕಂತೆಯನ್ನು ಗಂಟು ಹಾಕಿ ಕೆಳಗಿಟ್ಟಳು. "ನಮ್ಮನೆಯೋರು ಹೋಗಿ ನಾಲ್ಕು ವರ್ಷ ಆಯ್ತಮ್ಮ," ಎಂದಳು.

ಅಕ್ಕ ಅವಳ ಹಣೆ ನೋಡಿದಳು.

"ಇದಾ? ತೆಗೀಲೇ ಇಲ್ಲ ನಾನು. ಬೆಳಗ್ಗೆ ಎದ್ದು ಸೊಪ್ಪು ಕೀಳಬೇಕು, ಏಳು ಗಂಟೆಗೆ ಮಾರ್ಕೆಟ್ ಗಾಡಿ ಬತ್ತದೆ. ಯಾರ್ ಕೇಳ್ತಾರೆ? ಮೊದಮೊದ್ಲು ನಮ್ಮತ್ತೆ ಅಂದ್ರು. ನಾನು ತೋಟಕ್ಕೆ ಹೋಗಲ್ಲ ಕೂತ್ಕೋತೀನಿ ಅಂದೆ. ಸುಮ್ನಾದ್ರು."

ಅಕ್ಕ ನಕ್ಕಳು. ಅಂದು ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ನನ್ನ ಕಡೆ ನೋಡಿ, "ಏನೋ ಅದು, ಆಗ್ಲಿಂದ ಬಾಯಲ್ಲಿ ಏನೋ ಇಟ್ಕೊಂಡಿರೋ ಹಾಗೆ ನಿಂತಿದೀಯ," ಎಂದಳು.

ಹೇಳಿದೆ. ಇದು ಪಿನಾಕಿನಿ ಅಲ್ಲ, ಬೆಂಗಳೂರಿನ ನೀರು, ಬಚ್ಚಲದ್ದು, ಸೋಸಿ ಬಿಟ್ಟದ್ದು ಎಂದೆ. ಮುನಿರಾಜು ತನ್ನ ಚಪ್ಪಲಿಯನ್ನು ನೋಡತೊಡಗಿದ.

"ಅದು ನಿಜ ಅಮ್ಮ," ಎಂದಳು ಸರೋಜಕ್ಕ. "ನಾವು ಕುಡಿಯಲ್ಲ. ಹೊಲಕ್ಕೆ ಬಿಡ್ತೀವಿ. ನನ್ ಮಗಳ ಮದುವೇಲಿ ಗಂಗಮ್ಮನ ಇಲ್ಲೇ ಮಾಡಿದ್ದು. ಹರಿಯೋದು ಇದೊಂದೇ, ಇನ್ನೆಲ್ಲಿಗೆ ಹೋಗಾಣ?"

ಅಕ್ಕ ಹರಿಯುವ ನೀರಿನ ಕಡೆ ತಿರುಗಿದಳು. ಬಯ್ಯುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ, ಗಾಡಿ ಹತ್ತುತ್ತಾಳೆಂದುಕೊಂಡೆ.

"ಇದ್ರಲ್ಲಿ ಹೆಬ್ಬಾಳದ್ದೂ ಸೇರಿರುತ್ತಾ?" ಎಂದು ಕೇಳಿದಳು.

"ಇರಬಹುದು. ಯಾವ ಕಡೆಯದು ಯಾವ ಕೊಳವೆಗೋ ನನಗೆ ಗೊತ್ತಿಲ್ಲ."

"ಸೇರಿರಬಹುದು ತಾನೆ?"

"ಸೇರಿರಬಹುದು."

ಅವಳು ತಲೆದೂಗಿ ಸರೋಜಕ್ಕನಿಗೆ ಕೈ ಚಾಚಿದಳು. ಮಂಡಿ ಮಡಚದ ಅಕ್ಕ ಬಾಗಿ ನಿಂತು, ಅವಳು ಕುಕ್ಕರಗಾಲಲ್ಲಿ ಕೂತು, ಇಬ್ಬರೂ ಸೇರಿ ಮೂರು ಗುಪ್ಪೆಗೂ ಅರಿಸಿನ ಕುಂಕುಮ ಇಟ್ಟರು. ಹೂವಿಗೆ ಸರೋಜಕ್ಕ ಮುಡಿಯಿಂದ ಕನಕಾಂಬರ ಹರಿದು ಕೊಟ್ಟಳು. ಹಣ್ಣು ಮರೆತಿದ್ದೆವು, ಕೊತ್ತಂಬರಿಯ ಒಂದು ಕಂತೆ ಇಟ್ಟರು. ಗಂಗಮ್ಮನಿಗೆ ಕೊತ್ತಂಬರಿ ಸೊಪ್ಪು ನೈವೇದ್ಯ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ. ಇದನ್ನು ನಾನು ಹುಟ್ಟಿಸಿ ಬರೆಯುತ್ತಿದ್ದೇನೆಂದು ನಿಮಗೆ ಅನ್ನಿಸಿದರೆ ನಾನೇನೂ ಮಾಡುವಂತಿಲ್ಲ. ನನ್ನ ಹಳೆಯ ಪ್ರಬಂಧ ಓದಿದವರಿಗೆ ಆ ಹಕ್ಕಿದೆ. ಚೆಂಬು ತುಂಬಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಅಕ್ಕ ದಾರಿಯುದ್ದಕ್ಕೂ ಮಾತಿಲ್ಲದೆ ಕೂತಿದ್ದಳು. ನೀರು ತರುವವರು ಮಾತಾಡಬಾರದಂತೆ. ಅದು ನಿಜವಾಗಿ ಶಾಸ್ತ್ರವೋ, ಅಥವಾ ನನ್ನ ಜೊತೆ ಮಾತು ಬೇಡವಾಗಿತ್ತೋ ತಿಳಿಯಲಿಲ್ಲ.

ಶಾಸ್ತ್ರದ ದಿನ ಹೆಂಗಸರು ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ, ಸಂಪಿನ ಪಕ್ಕದ ನಲ್ಲಿಗೆ ಮಾವಿನೆಲೆ ಕಟ್ಟಿ, ಮೂರು ಕಲ್ಲಿಟ್ಟು ಗಂಗಮ್ಮನನ್ನು ಪೂಜಿಸಿದರು. ಫೋಟೋ ತೆಗೆಯುವವನು ನಲ್ಲಿಯನ್ನು ಎರಡು ಸಲ ತಿರುಗಿಸಿದ. ಅಕ್ಕ ಒಳಕೋಣೆಯಲ್ಲಿದ್ದಳು. ಅವಳಂತೆ ತೆಂಗಿನಕಾಯಿ ತುಂಬುವವರು ಇನ್ನೊಬ್ಬರಿಲ್ಲವೆಂದು ಆಗಲೇ ಯಾರೋ ಹೇಳಿಯಾಗಿತ್ತು.

ಮದುವೆಯ ದಿನ ಬೆಳಿಗ್ಗೆ, ಅರಿಸಿನ ಹಚ್ಚಿಸಿಕೊಂಡ ಮೇಘನಾ ಬಚ್ಚಲಿಗೆ ಹೋದಳು. ಸ್ನಾನ ಮಾಡಿಸುವವರು ಇನ್ನೂ ಆರತಿತಟ್ಟೆ ಹುಡುಕುತ್ತಿದ್ದರು. ಅಷ್ಟರಲ್ಲಿ ಅಕ್ಕ ಒಳಕೋಣೆಯಿಂದ ಬಂದಳು, ಸೆರಗಿನೊಳಗೆ ಚೆಂಬು. ನನ್ನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿ ಒಳಗೆ ಹೋದಳು. ಹಂಡೆಗೆ ಸುರಿಯುತ್ತಾಳೆಂದುಕೊಂಡಿದ್ದೆ, ನಮ್ಮ ಒಪ್ಪಂದ ಹಾಗೇ ಇತ್ತು. ಅವಳು ಸುರಿಯಲಿಲ್ಲ. ಹುಡುಗಿಯ ಮುಂದೆ ನಿಂತಿರಬೇಕು. ಬಾಗಿಲ ಆಚೆಯಿಂದ ನನಗೆ ಕೇಳಿಸಿದ್ದು ಇಷ್ಟು.

"ಅಜ್ಜಿ, ಏನದು?"

"ಹೊಳೆ ನೀರು. ಸ್ವಲ್ಪ ಬಗ್ಗು."

"ಯಾವ ಹೊಳೆ ಅಜ್ಜಿ?"

ಅರ್ಕಾವತಿ ಎನ್ನುತ್ತಾಳೋ ಪಿನಾಕಿನಿ ಎನ್ನುತ್ತಾಳೋ ಎಂದು ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಮೊದಲ ಚೆಂಬು ಹುಡುಗಿಯ ಮೈಮೇಲಿಂದ ನೆಲಕ್ಕೆ ಬಿದ್ದು ಮೋರಿಯ ಕಡೆ ಹರಿಯುವ ಸದ್ದು ಕೇಳಿಸಿತು.

"ನಿಂದೇ ಕಣೇ," ಎಂದಳು ಅಕ್ಕ.